ಟ್ರ್ಯಾಪ್ ಶೂಟಿಂಗ್ ತಂಡ ಲೀಗ್: ಅಂಕದ ಲೆಕ್ಕ ಹೇಗೆ, ಬಾರದವನ ಅಂಕ ಎಂತ ಮಾಡೋದು?

ಬೆಟ್ಟದಂಚು (ಶಿರಸಿ) ಕೇಳಿದ್ದು:

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕಾರವಾರದ ಕಡೆ ಕೋವಿ ಲೈಸೆನ್ಸ್ ಇರುವ ಒಂದಷ್ಟು ಜನ ಸೇರಿ ಟ್ರ್ಯಾಪ್ (ಯಂತ್ರದಿಂದ ಹಾರುವ ಬಿಲ್ಲೆಯನ್ನು ಕೋವಿಯಿಂದ ಹೊಡೆದು ಒಡೆಯುವ ಆಟ) ಲೀಗ್ ನಡೆಸುವ ಮಾತು ನಡೀತಾ ಇದೆ. ಆರು ತಂಡ, ತಂಡಕ್ಕೆ ಐವರು. ಜಾಗ, ಅನುಮತಿ ಎಲ್ಲ ಇನ್ನೂ ಆಗಬೇಕು. ಅದಕ್ಕೂ ಮೊದಲು ನಿಯಮ ಬರೆದಿಟ್ಟುಕೊಳ್ಳೋಣ ಅಂತ.

ಒಲಿಂಪಿಕ್ ಟ್ರ್ಯಾಪ್ ಟಿವಿಯಲ್ಲಿ ನೋಡಿ ಗೊತ್ತು, ಆದರೆ ಅದು ಒಬ್ಬೊಬ್ಬರ ಸ್ಪರ್ಧೆ. ವಾರಕ್ಕೊಮ್ಮೆ ಎರಡು ತಂಡ ಎದುರುಬದುರು ಹೊಡೆಯುವ ಲೀಗಿನಲ್ಲಿ ಅಂಕ ಹೇಗೆ ಕೊಡ್ತಾರೆ? ಒಂದು ತಂಡದಲ್ಲಿ 25ಕ್ಕೆ 24 ಒಡೆಯುವವರು, ಇನ್ನೊಂದರಲ್ಲಿ 15 ದಾಟದವರು ಇದ್ದರೆ ಮೊದಲ ವಾರಕ್ಕೇ ಲೀಗ್ ಮುಗಿದ ಹಾಗೆ ಅಲ್ವಾ? ಐವರಲ್ಲಿ ಒಬ್ಬ ಬರದೇ ಇದ್ದರೆ? ದಿನಕ್ಕೆ ಬಿಲ್ಲೆ, ತೋಟಾ ಎಷ್ಟು ಬೇಕು? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ಚರೆಲೆಕ್ಕ:

ಮೊದಲು ಯಾವ ಟ್ರ್ಯಾಪ್ ಅಂತ ತೀರ್ಮಾನ ಮಾಡಿಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ನೀವು ಟಿವಿಯಲ್ಲಿ ನೋಡಿದ್ದು ಒಲಿಂಪಿಕ್ ಟ್ರ್ಯಾಪ್. ಅದಕ್ಕೆ ನೆಲದೊಳಗಿನ ಕಂದಕದಲ್ಲಿ 15 ಯಂತ್ರ ಬೇಕು, ಒಂದೊಂದು ನಿಲ್ದಾಣಕ್ಕೆ (ನಿಂತು ಹೊಡೆಯುವ ಜಾಗಕ್ಕೆ) ಮೂರರಂತೆ. ಬಿಲ್ಲೆ 76 ಮೀಟರ್ ದೂರ ಹೋಗುವಷ್ಟು ಜೋರು, ಕೋನ ಎಡಬಲಕ್ಕೆ 45 ಡಿಗ್ರಿವರೆಗೆ. ಒಂದು ಬಿಲ್ಲೆಗೆ ಎರಡು ಈಡು ಹೊಡೆಯಬಹುದು. ಯಾವ ಈಡಿಗೆ ಒಡೆದರೂ ಒಂದೇ ಅಂಕ. ಅಲ್ಲಿನ ತಂಡ ಸ್ಪರ್ಧೆಯಲ್ಲಿ ಮೂವರ ಅಂಕ ಕೂಡಿಸುತ್ತಾರೆ, ಅಷ್ಟೇ. ತಲಾ 125, ಒಟ್ಟು 375. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪೃಥ್ವಿರಾಜ್ ತೊಂಡೈಮಾನ್, ಕೈನನ್ ಚೆನಾಯ್, ಝೊರಾವರ್ ಸಿಂಗ್ ಸಂಧು ಚಿನ್ನ ಗೆದ್ದದ್ದು 361ಕ್ಕೆ. ಎಲ್ಲರೂ ಒಂದೇ ಮಟ್ಟದವರಾದರೆ ಈ ಲೆಕ್ಕ ಸರಿ. ನಿಮ್ಮದಕ್ಕೆ ಅಲ್ಲ.

ಊರಿನ ಲೀಗಿಗೆ ಹೊಂದುವುದು ಅಮೆರಿಕನ್ ಟ್ರ್ಯಾಪ್. ಒಂದೇ ಯಂತ್ರ, ಅದು ಎಡಬಲಕ್ಕೆ ತಾನೇ ತಿರುಗುತ್ತಾ ಇರುತ್ತದೆ, ಬಿಲ್ಲೆ ಯಾವ ಕಡೆ ಹಾರುತ್ತದೆ ಎಂದು ಹೊಡೆಯುವವನಿಗೆ ಗೊತ್ತಿರೋದಿಲ್ಲ. ಯಂತ್ರದ ಗೂಡಿನಿಂದ 16 ಗಜ ಹಿಂದೆ, ಅಂದರೆ 14.6 ಮೀಟರ್, ಐದು ನಿಲ್ದಾಣ, ಒಂದಕ್ಕೊಂದು 3 ಗಜ ಅಂತರ. ಒಂದು ಬಿಲ್ಲೆಗೆ ಒಂದೇ ಈಡು. ಒಬ್ಬೊಬ್ಬ ಒಂದು ನಿಲ್ದಾಣದಲ್ಲಿ ಐದು ಬಿಲ್ಲೆ ಹೊಡೆದು ಮುಂದಿನ ನಿಲ್ದಾಣಕ್ಕೆ ಹೋಗುತ್ತಾನೆ, ಐದನೆಯವನು ಒಂದಕ್ಕೆ ಬರುತ್ತಾನೆ. ಐದು ನಿಲ್ದಾಣ ಮುಗಿದರೆ 25, ಒಂದು ಸುತ್ತು. ತಂಡಕ್ಕೆ ಐವರು ಅಂತ ನೀವು ಇಟ್ಟುಕೊಂಡದ್ದೂ ಇದಕ್ಕೇ ಸರಿಹೋಗುತ್ತದೆ.

ಪಂದ್ಯ ಅಂದರೆ ಎರಡು ಸುತ್ತು, ತಲಾ 50 ಬಿಲ್ಲೆ. ಅಂಕ ಮೂರು: ಮೊದಲ ಸುತ್ತು ಗೆದ್ದ ತಂಡಕ್ಕೆ 1, ಎರಡನೆಯದಕ್ಕೆ 1, ಎರಡೂ ಕೂಡಿ ಹೆಚ್ಚಾದವರಿಗೆ 1. ಸಮ ಬಂದರೆ ಅರ್ಧರ್ಧ. ಆರು ತಂಡ ಇದ್ದರೆ ಐದು ವಾರದಲ್ಲಿ ಎಲ್ಲರೂ ಎಲ್ಲರ ಎದುರು ಆಡಿ ಮುಗಿಯುತ್ತದೆ, ಒಟ್ಟು 15 ಪಂದ್ಯ. ಒಂದು ತಂಡ ಹೆಚ್ಚೆಂದರೆ 15 ಅಂಕ ಗಳಿಸಬಹುದು.

ಇನ್ನು ಮಟ್ಟದ ವ್ಯತ್ಯಾಸ. ಇದಕ್ಕೆ ಹ್ಯಾಂಡಿಕ್ಯಾಪ್, ಅಂದರೆ ಕಡಿಮೆ ಒಡೆಯುವವನಿಗೆ ಸೇರಿಸಿ ಕೊಡುವ ಅಂಕ. ಒಬ್ಬನ ಸರಾಸರಿಯನ್ನು 25ರಿಂದ ಕಳೆದು, ಉಳಿದದ್ದರ ಶೇ. 80 ತೆಗೆದು, ದಶಮಾಂಶ ಬಿಟ್ಟುಬಿಡಿ. ಅಷ್ಟನ್ನು ಅವನ ಪ್ರತಿ ಸುತ್ತಿಗೆ ಸೇರಿಸಿ. ಉದಾಹರಣೆಗೆ:

ಅ ತಂಡದ ಸರಾಸರಿ 22, 20, 18, 17, 15. ಹ್ಯಾಂಡಿಕ್ಯಾಪ್ 2, 4, 5, 6, 8. ಒಟ್ಟು 25.
ಬ ತಂಡದ ಸರಾಸರಿ 24, 23, 21, 20, 19. ಹ್ಯಾಂಡಿಕ್ಯಾಪ್ 0, 1, 3, 4, 4. ಒಟ್ಟು 12.

ಮೊದಲ ಸುತ್ತಿನಲ್ಲಿ ಅ ತಂಡ ಒಡೆದದ್ದು 23, 19, 20, 16, 17, ಕೂಡಿದರೆ 95. ಹ್ಯಾಂಡಿಕ್ಯಾಪ್ ಸೇರಿ 120. ಬ ತಂಡ 22, 24, 20, 19, 18, ಅಂದರೆ 103, ಸೇರಿ 115. ಎಂಟು ಬಿಲ್ಲೆ ಕಡಿಮೆ ಒಡೆದರೂ ಸುತ್ತು ಅ ತಂಡದ್ದು, ಯಾಕೆಂದರೆ ತಮ್ಮ ಸರಾಸರಿಗಿಂತ ಮೇಲೆ ಹೊಡೆದವರು ಅವರು. ಎರಡನೇ ಸುತ್ತಿನಲ್ಲಿ ಅ 87 ಒಡೆದು 112, ಬ 109 ಒಡೆದು 121. ಒಟ್ಟು 232ಕ್ಕೆ 236. ಪಂದ್ಯ ಬ ತಂಡಕ್ಕೆ 2–1.

ಶೇ. 100 ಯಾಕೆ ಬೇಡ ಅಂತ ಕೇಳುವವರು ಬಂದೇ ಬರ್ತಾರೆ. ಮೇಲಿನ ತಂಡಗಳೇ ಎಲ್ಲರೂ ತಂತಮ್ಮ ಸರಾಸರಿ ಹೊಡೆದರೆ ಶೇ. 80ರಲ್ಲಿ 117ಕ್ಕೆ 119 ಆಗುತ್ತದೆ. ಚೆನ್ನಾಗಿ ಹೊಡೆಯುವವರಿಗೆ ಎರಡರ ಮೇಲುಗೈ ಉಳಿಯಿತು. ಶೇ. 100ರಲ್ಲಿ 125ಕ್ಕೆ 125. ಅಭ್ಯಾಸ ಮಾಡಿದವನಿಗೂ ಮಾಡದವನಿಗೂ ಒಂದೇ ಬೆಲೆ ಆಗಿಹೋಗುತ್ತದೆ.

ಒಂದು ಷರತ್ತು ಬರೆಯಲೇಬೇಕು: ಹ್ಯಾಂಡಿಕ್ಯಾಪ್ ಸೇರಿ ಒಬ್ಬನ ಸುತ್ತು 25 ದಾಟುವ ಹಾಗಿಲ್ಲ. 15ರ ಸರಾಸರಿಯವನು ಒಂದು ದಿನ 21 ಒಡೆದರೆ 29 ಅಲ್ಲ, 25. ಇದಿಲ್ಲದಿದ್ದರೆ ಮೊದಲೆರಡು ವಾರ ಬೇಕಂತಲೇ ತಪ್ಪಿಸಿ ಸರಾಸರಿ ಇಳಿಸಿಕೊಳ್ಳೋದು ಲಾಭದ ದಾರಿಯಾಗುತ್ತದೆ.

ಕಾಳಿದಂಡೆ (ಕಾರವಾರ):

ಚರೆಲೆಕ್ಕ ಅವರು ಹೇಳಿದ್ದು ಸರಿ ಇದೆ. ಆದರೆ ಸರಾಸರಿ ಎಲ್ಲಿಂದ ತರೋದು ಅನ್ನೋದನ್ನೇ ಬಿಟ್ಟರು. ಜಗಳ ಹುಟ್ಟೋದು ಅಲ್ಲೇ.

ಹೊಸಬನಿಗೆ ಹಳೆಯ ಸರಾಸರಿ ಇರೋದಿಲ್ಲ. ಅವನ ಮೊದಲ ಎರಡು ಸುತ್ತಿನ ಸರಾಸರಿಯನ್ನೇ ತೆಗೆದು ಆ ದಿನದ ಹ್ಯಾಂಡಿಕ್ಯಾಪ್ ಅಂತ ಹಿಂದಕ್ಕೆ ಅನ್ವಯಿಸಿ. ಎರಡನೇ ವಾರದಿಂದ ಅಲ್ಲಿಯವರೆಗೆ ಹೊಡೆದ ಎಲ್ಲ ಸುತ್ತುಗಳ ಸರಾಸರಿ. ಎರಡನೇ ಸೀಸನ್ ಬಂದರೆ ಹಿಂದಿನ ಸೀಸನ್ನಿನ ಕೊನೆಯ ಸರಾಸರಿಯಿಂದ ಶುರು ಮಾಡಿ, ಸರಾಸರಿ ಅದಕ್ಕಿಂತ 1ಕ್ಕೂ ಹೆಚ್ಚು ಇಳಿಯೋ ಹಾಗಿಲ್ಲ ಅಂತ ತಡೆ ಹಾಕಿ.

ಬಾರದವನ ವಿಷಯ. ಐವರಲ್ಲಿ ಒಬ್ಬನಿಲ್ಲ ಅಂತ ಸೊನ್ನೆ ಹಾಕಿದರೆ ಪಂದ್ಯ ಅಲ್ಲಿಗೇ ಸತ್ತಿತು. ಪೂರ್ತಿ ಸರಾಸರಿ ಕೊಟ್ಟರೆ ಫಾರ್ಮಿನಲ್ಲಿ ಇಲ್ಲದವನನ್ನು ಮನೆಯಲ್ಲೇ ಕೂರಿಸೋದು ಲಾಭ. ಹಾಗಾಗಿ ಅವನ ಸರಾಸರಿಯಲ್ಲಿ 2 ಕಳೆದು, ಹ್ಯಾಂಡಿಕ್ಯಾಪ್ ಮಾಮೂಲಿಯಂತೆ ಸೇರಿಸಿ. ಇದು ಒಬ್ಬನಿಗೆ ಮಾತ್ರ. ಇಬ್ಬರು ಬರದಿದ್ದರೆ ಎರಡನೆಯವನಿಗೆ ಸೊನ್ನೆ.

ಮದುವೆ, ಮುಂಜಿ, ಕೋರ್ಟು ಕಚೇರಿ ಅಂತ ಮೊದಲೇ ಗೊತ್ತಿದ್ದವನು ಹಿಂದಿನ ವಾರವೇ ಬಂದು ತನ್ನ 50 ಹೊಡೆದು ಹೋಗಲಿ. ಮುಂಚಿತವಾಗಿ ಹೊಡೆಯಲು ಬಿಡಿ, ಆಮೇಲೆ ಹೊಡೆಯಲು ಯಾವ ಕಾರಣಕ್ಕೂ ಬಿಡಬೇಡಿ. ಪಂದ್ಯ ಮುಗಿದ ಮೇಲೆ ಬಂದವನಿಗೆ ಗೆಲ್ಲೋಕೆ ಎಷ್ಟು ಬೇಕು ಅಂತ ಗೊತ್ತಿರುತ್ತದೆ. ಅಂಥ ಸುತ್ತಿನ ಮೇಲೆ ಎದುರಿನ ತಂಡಕ್ಕೆ ಸಂಶಯ ಇದ್ದೇ ಇರುತ್ತದೆ.

ಇನ್ನೊಂದು. ಅ ತಂಡದ ಐವರು ಒಟ್ಟಿಗೆ, ಆಮೇಲೆ ಬ ತಂಡದ ಐವರು ಅಂತ ನಿಲ್ಲಿಸಬೇಡಿ. ಅರ್ಧ ಗಂಟೆಯಲ್ಲಿ ಬೆಳಕು, ಗಾಳಿ ಎರಡೂ ಬದಲಾಗುತ್ತವೆ. ಮೊದಲ ಗುಂಪಿನಲ್ಲಿ ಅ ತಂಡದ ಮೂವರು ಬ ತಂಡದ ಇಬ್ಬರು, ಎರಡನೆಯದರಲ್ಲಿ ಉಲ್ಟಾ. ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. ಸೂರ್ಯ ಕಣ್ಣಿಗೆ ಹೊಡೆಯಬಾರದು ಅಂತ ಮೈದಾನ ಉತ್ತರಕ್ಕೋ ಈಶಾನ್ಯಕ್ಕೋ ಮುಖ ಮಾಡಿರುತ್ತದೆ. ಹೊತ್ತು ಏರಿದ ಮೇಲೆ ಕಡಲಗಾಳಿ ಪಡುವಣದಿಂದ, ಅಂದರೆ ಎಡಗಡೆಯಿಂದ ಬೀಸುತ್ತದೆ, ಬಿಲ್ಲೆಯನ್ನು ಬಲಕ್ಕೆ ತಳ್ಳುತ್ತದೆ. ಐದನೇ ನಿಲ್ದಾಣದಲ್ಲಿ ಬಲಕ್ಕೆ ಹೋಗುವ ಬಿಲ್ಲೆ ಆಗ ಬಲು ಕಷ್ಟ. ಎದುರುಗಾಳಿಗೆ ಬಿಲ್ಲೆ ಮೇಲಕ್ಕೆ ಏಳುತ್ತದೆ, ಹಿಂಗಾಳಿಗೆ ಕೆಳಗೆ ಕೂರುತ್ತದೆ.

ಸೀಸನ್ ಕೊನೆಗೆ ಎರಡು ತಂಡದ ಅಂಕ ಸಮ ಆದರೆ ಅವರಿಬ್ಬರ ನಡುವಿನ ಪಂದ್ಯ ನೋಡಿ. ಅದೂ ಸಮ ಅಂದರೆ ಹ್ಯಾಂಡಿಕ್ಯಾಪ್ ಬಿಟ್ಟು ನಿಜವಾಗಿ ಒಡೆದ ಬಿಲ್ಲೆಗಳ ಒಟ್ಟು. ಕೊನೆಗಾದರೂ ಒಡೆದದ್ದಕ್ಕೆ ಬೆಲೆ ಬರಲಿ.

ತೋಟದಮನೆ (ಯಲ್ಲಾಪುರ):

ಅಂಕದ ಲೆಕ್ಕಕ್ಕಿಂತ ಮೊದಲು ತೋಟಾದ ಲೆಕ್ಕ ಹಾಕಿ ಮಾರಾಯ್ರೆ. 30 ಜನ, ತಲಾ 50 ಅಂದರೆ ದಿನಕ್ಕೆ 1500 ಬಿಲ್ಲೆ. ಯಂತ್ರದಲ್ಲೇ ಒಡೆಯುವುದು, ಪರೀಕ್ಷೆಗೆ ಹಾರಿಸುವುದು ಅಂತ ಇನ್ನೊಂದು ನೂರು ಇಟ್ಟುಕೊಳ್ಳಿ. ಬಿಲ್ಲೆ ಒಂದರ ತೂಕ 105 ಗ್ರಾಂ, ಒಂದೂವರೆ ಕ್ವಿಂಟಲ್ ದಾಟುತ್ತದೆ. ತೋಟಾ 1500, ಅಂದರೆ 25ರ 60 ಪೆಟ್ಟಿಗೆ. ಒಬ್ಬನಿಗೆ ಐದು ವಾರಕ್ಕೆ 250, ಅಭ್ಯಾಸ ಬೇರೆ. ಒಲಿಂಪಿಕ್ ಪದ್ಧತಿಯಾದರೆ ಎರಡನೇ ಈಡು ಸೇರಿ ಇನ್ನೂ ಏರುತ್ತದೆ. ಲೈಸೆನ್ಸ್ ಪುಸ್ತಕದಲ್ಲಿ ಒಮ್ಮೆಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಬರೆದಿರುತ್ತದೆ. ಪ್ರತಿಯೊಬ್ಬರ ಪುಸ್ತಕ ತೆರೆದು ಆ ಪುಟ ನೋಡಿ, ಆಮೇಲೆ ವಾರ ಎಷ್ಟು ಅಂತ ತೀರ್ಮಾನಿಸಿ.

ಅದೇ ಪುಸ್ತಕದಲ್ಲಿ ಉದ್ದೇಶ, ಪ್ರದೇಶ ಅಂತಲೂ ಇರುತ್ತದೆ. 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ಆತ್ಮರಕ್ಷಣೆ ಇಲ್ಲವೇ ಕ್ರೀಡೆಗೆ ಕೊಡುವ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿ ಬೇರೆ, ಬೆಳೆ ರಕ್ಷಣೆಗೆ ಕೊಡುವ ಬಾಯಿಂದ ಮದ್ದು ತುಂಬುವ ಕೋವಿ ಬೇರೆ. ಅಡಿಕೆ ತೋಟಕ್ಕೆ ಮಂಗ ಬರುತ್ತದೆ ಅಂತ ಪಡೆದ ಕೋವಿಯನ್ನು ಹೆಗಲಿಗೇರಿಸಿ ಬಂದರೆ ಲೀಗಿನ ಜೊತೆ ಅವರೂ ಸಿಕ್ಕಿಬೀಳ್ತಾರೆ. ಕ್ಲಬ್ಬಿಗೂ ರೇಂಜಿಗೂ 2016ರ ಆಯುಧ ನಿಯಮಗಳಡಿ ಪ್ರತ್ಯೇಕ ಲೈಸೆನ್ಸ್ ಬೇಕು. ಕಾರವಾರದ ಡಿಸಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ.

ಜಾಗ: ಹೊಡೆಯುವ ದಿಕ್ಕಿಗೆ 300 ಗಜ, ಅಂದರೆ ಸುಮಾರು 275 ಮೀಟರ್ ಜನ, ದನ, ದಾರಿ ಏನೂ ಇರಕೂಡದು. ಘಟ್ಟದ ಮೇಲೆ ಇಷ್ಟು ಬಯಲು ಅಂದ ಕೂಡಲೇ ಎಲ್ಲರಿಗೂ ಸೊಪ್ಪಿನ ಬೆಟ್ಟ ನೆನಪಾಗುತ್ತದೆ. ಅದು ಅರಣ್ಯ ಭೂಮಿ, ನಮಗಿರೋದು ಸೊಪ್ಪು ಸದೆ ತರುವ ಹಕ್ಕು. ಅಲ್ಲಿ ಒಂದು ಈಡೂ ಬೇಡ. ಹಳ್ಳ, ಕೆರೆ, ಗದ್ದೆಯ ಮೇಲೆ ಚರೆ (ತೋಟಾದೊಳಗಿನ ಸೀಸದ ಸಣ್ಣ ಗುಂಡು) ಬೀಳುವ ಜಾಗವೂ ಬೇಡ. ಒಂದು ತೋಟಾದಲ್ಲಿ 24 ಗ್ರಾಂ ಸೀಸ ಅಂದರೆ ದಿನಕ್ಕೆ 36 ಕಿಲೋ, ಐದು ವಾರಕ್ಕೆ 180 ಕಿಲೋ. ನಮ್ಮ ಹುಳಿ ಮಣ್ಣಿನಲ್ಲಿ ಸೀಸ ಬೇಗ ಕರಗುತ್ತದೆ, ಮಳೆಗಾಲದಲ್ಲಿ ಕೆಳಗಿನ ಬಾವಿಗೆ ಇಳಿಯುತ್ತದೆ. ಚರೆ ಬೀಳುವ ಜಾಗಕ್ಕೆ ಸುಣ್ಣ ಹಾಕಿ, ಸೀಸನ್ ಮುಗಿದ ಮೇಲೆ ಮೇಲ್ಮಣ್ಣು ಜರಡಿ ಹಿಡಿದು ಸೀಸ ತೆಗೆಯಿರಿ. ಬಿಲ್ಲೆಯ ಚೂರನ್ನೂ ಆರಿಸಬೇಕು. ಅದರಲ್ಲಿ ಡಾಂಬರಿನಂಥ ಅಂಟು ಇರುತ್ತದೆ, ಜಾನುವಾರು ಮೇಯುವ ಕಡೆ ಬಿಡುವಂಥದ್ದಲ್ಲ.

ಕೋವಿ ತಪಾಸಣೆ ಮೊದಲ ದಿನವೇ ಆಗಲಿ. ನಮ್ಮ ಕಡೆ ಅಜ್ಜನ ಕಾಲದ ಜೋಡಿ ನಳಿಗೆ ಬಹಳ. ಹಳೆಯವುಗಳಲ್ಲಿ ತೋಟಾ ಕೂರುವ ಕೋಣೆ ಎರಡೂವರೆ ಇಂಚಿನದ್ದು. ಇವತ್ತಿನ 70 ಮಿಲಿಮೀಟರ್ ತೋಟಾ ಅದರೊಳಗೆ ಸಲೀಸಾಗಿ ಹೋಗುತ್ತದೆ, ಬಾಗಿಲೂ ಮುಚ್ಚುತ್ತದೆ. ಆದರೆ ಹಾರಿದಾಗ ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲಿನ ಮುದ್ರೆ ಓದಿ, ಓದಲು ಬಾರದಿದ್ದರೆ ಆ ಕೋವಿ ಬೇಡ. ಹೊಸೆದು ಮಾಡಿದ ನಳಿಗೆ, ಅದೇ ಮೈಮೇಲೆ ಸುರುಳಿ ಗೆರೆ ಕಾಣುವಂಥದ್ದು, ಪೂರ್ತಿ ನಿಷೇಧ.

ಮೈದಾನಕ್ಕೆ 12 ಬೋರ್ ಒಂದೇ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣ). 20 ಬೋರಿನ ತೋಟಾ ಕಿಸೆಯಲ್ಲೂ ಇರಬಾರದು. ಅದು 12ರ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋಣೆ ಖಾಲಿ. ಅದರ ಹಿಂದೆ 12ರ ತೋಟಾ ಹಾಕಿ ಕುದುರೆ ಎಳೆದರೆ ನಳಿಗೆ ಸೀಳಿ ಎಡಗೈ ಹೋಗುತ್ತದೆ. 20 ಬೋರಿನ ತೋಟಾ ಹಳದಿ ಬಣ್ಣದಲ್ಲಿ ಬರುವುದು ಇದೇ ಕಾರಣಕ್ಕೆ. ಎಲ್‌ಜಿ, ಎಸ್‌ಜಿ ಥರದ ದಪ್ಪ ಚರೆಯೂ ಮೈದಾನದೊಳಗೆ ಬರಬಾರದು. 275 ಮೀಟರ್ ಅಂತರ ಹೇಳಿದ್ದು ಏಳೂವರೆ ನಂಬರಿನ ಸಣ್ಣ ಚರೆಗೆ.

ಬೆಟ್ಟದಂಚು (ಶಿರಸಿ):

ಇಷ್ಟೆಲ್ಲ ಇದೆ ಅಂತ ಅಂದ್ಕೊಂಡಿರಲಿಲ್ಲ, ಉಪಕಾರ ಆಯ್ತು. ಎರಡು ಅನುಮಾನ ಉಳಿದಿವೆ. ಬರೆಯುವವನು ಯಾರಾಗಿರಬೇಕು, ಒಡೆದಿದೆಯೋ ಇಲ್ಲವೋ ಅಂತ ತಕರಾರು ಬಂದರೆ ಯಾರ ಮಾತು ಕೊನೆ? ಮತ್ತೆ ಕಾರವಾರದವರು ಪ್ರತಿ ವಾರ ಘಟ್ಟ ಹತ್ತಿ ಬರಲೇಬೇಕಾ?

ಪಟ್ಟಿಬರೆಯೋನು:

ಬರೆಯುವವನು ಆ ಹೊತ್ತಿಗೆ ಆಡದ ತಂಡದವನಾಗಿರಲಿ. ಒಬ್ಬ ಹಿಂದೆ ನಿಂತು ಬರೆಯುತ್ತಾನೆ, ಹೊಡೆಯುವವನು ಬಿಲ್ಲೆಗೆ ಕೂಗಿದ ಕೂಡಲೇ ಇನ್ನೊಬ್ಬ ಗುಂಡಿ ಒತ್ತಿ ಬಿಡುತ್ತಾನೆ. ಇಬ್ಬರ ಕೆಲಸ ಒಬ್ಬನಿಗೆ ಕೊಟ್ಟರೆ ಕಣ್ಣು ಪಟ್ಟಿಯ ಮೇಲಿರುವಾಗ ಬಿಲ್ಲೆ ಹಾರಿರುತ್ತದೆ.

ಒಡೆದರೆ ಸುಮ್ಮನಿರಬೇಕು, ತಪ್ಪಿದರೆ ಗಟ್ಟಿಯಾಗಿ 'ಲಾಸ್ಟ್' ಅನ್ನಬೇಕು. ಕಣ್ಣಿಗೆ ಕಾಣುವಂತೆ ಒಂದು ಚೂರಾದರೂ ಬೇರೆಯಾದರೆ ಮಾತ್ರ ಒಡೆದ ಹಾಗೆ. ಬರೀ ಧೂಳು ಹಾರಿ ಬಿಲ್ಲೆ ಇಡಿಯಾಗಿ ಮುಂದೆ ಹೋದರೆ ತಪ್ಪಿದ್ದೇ. ಜಗಳದಲ್ಲಿ ಮುಕ್ಕಾಲು ಪಾಲು ಈ ಧೂಳಿನ ಬಿಲ್ಲೆಯದ್ದು. ಹಾಗಾಗಿ ಈ ಸಾಲನ್ನು ನಿಯಮಾವಳಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿ. ನೆಲಕ್ಕೆ ಬಿದ್ದ ಬಿಲ್ಲೆ ಹೆಕ್ಕಿ ತಂದು ತೂತು ತೋರಿಸಿದರೂ ಲೆಕ್ಕಕ್ಕಿಲ್ಲ.

ಯಂತ್ರದಿಂದಲೇ ಒಡೆದು ಬಂದರೆ ಅದು ಬಿಲ್ಲೆಯೇ ಅಲ್ಲ. ಅವನು ಹೊಡೆದು ಚೂರು ಮಾಡಿದರೂ ಅಂಕವಿಲ್ಲ, ತಪ್ಪಿಸಿದರೂ ನಷ್ಟವಿಲ್ಲ, ಮತ್ತೊಂದು ಕೊಡಿ. ಕೂಗುವ ಮೊದಲೇ ಹಾರಿದ ಬಿಲ್ಲೆಯನ್ನು ಬೇಡ ಅಂತ ಬಿಡಬಹುದು, ಆದರೆ ಅದಕ್ಕೆ ಈಡು ಹೊಡೆದರೆ ಬಂದ ಫಲಿತಾಂಶ ಬಂದಂತೆ. ಸರಿಯಾದ ಬಿಲ್ಲೆಗೆ ಕೂಗಿ ಹೊಡೆಯದೇ ನಿಂತರೆ ತಪ್ಪಿದ್ದು ಅಂತಲೇ ಬರೆಯಬೇಕು. ಇಬ್ಬರು ಒಂದೇ ಬಿಲ್ಲೆಗೆ ಹೊಡೆದರೆ ಅದು ರದ್ದು.

ಕುದುರೆ ಎಳೆದೂ ತೋಟಾ ಹಾರದಿದ್ದರೆ ಕೋವಿ ಮಡಚಬಾರದು. ಬಾಯಿ ಮುಂದಕ್ಕೇ ಇಟ್ಟು 30 ಸೆಕೆಂಡ್ ಕಾಯಬೇಕು, ತಡವಾಗಿ ಹಾರುವ ತೋಟಾ ಇರುತ್ತದೆ. ಮಳೆಗಾಲ ದಾಟಿಸಿದ ಹಳೇ ತೋಟಾದಲ್ಲಿ ಹಿತ್ತಾಳೆಯ ಬುಡ ಹಸಿರುಗಟ್ಟಿದ್ದರೆ ಬಳಸಲೇಬೇಡಿ. 25ಕ್ಕೆ ಒಂದು ಸಲ ಹಾರದಿದ್ದರೆ ಮಾಫಿ, ಎರಡನೆಯದು ತಪ್ಪಿದ್ದು ಅಂತ ಬರೆದುಕೊಂಡರೆ ಸಾಕು.

ಪಟ್ಟಿಯಲ್ಲಿ ಒಡೆದದ್ದಕ್ಕೆ ಓರೆ ಗೆರೆ, ತಪ್ಪಿದ್ದಕ್ಕೆ ಸೊನ್ನೆ. ಪೆನ್ನಿನಲ್ಲೇ ಬರೆಯಿರಿ, ಪೆನ್ಸಿಲ್ ಬೇಡ. ತಿದ್ದಿದರೆ ಎರಡೂ ನಾಯಕರ ಸಹಿ. ಐದೈದರ ಮನೆ ಮಾಡಿ, ನಿಲ್ದಾಣ ಬದಲಿಸುವ ಮೊದಲು ಪ್ರತಿಯೊಬ್ಬನ ಐದರ ಲೆಕ್ಕ ಗಟ್ಟಿಯಾಗಿ ಓದಿ: ನಾಲ್ಕು, ಐದು, ಮೂರು, ಐದು, ನಾಲ್ಕು. ಒಂದು ಬಿಲ್ಲೆಯ ಮೇಲಿನ ತಕರಾರು ಮುಂದಿನವನು ಕೂಗುವ ಮೊದಲೇ ಬರಬೇಕು. ಕೂಡಿಸಿದ್ದರಲ್ಲಿ ತಪ್ಪಿದ್ದರೆ ಓದಿದ ಕೂಡಲೇ. ಆಮೇಲೆ ಬಂದ ತಕರಾರು ಕೇಳುವಂತಿಲ್ಲ. ಸಂಶಯ ಇದ್ದಾಗ ಬರೆಯುವವನು ಆ ಗುಂಪಿನ ಉಳಿದವರನ್ನು ಕೇಳಬಹುದು, ಆದರೆ ಕೊನೆಯ ಮಾತು ಅವನದ್ದೇ.

ಯಂತ್ರ ದಿನಾ ಹೊಂದಿಸಬೇಕು. ಗೂಡಿನಿಂದ 10 ಗಜ ಮುಂದೆ ಎರಡು ಅಡಿಕೆ ದಬ್ಬೆ ನೆಟ್ಟು 8 ಅಡಿಗೂ 10 ಅಡಿಗೂ ಗುರುತು ಹಾಕಿ. ನೇರ ಹೋಗುವ ಬಿಲ್ಲೆ ಆ ಎರಡು ಗುರುತಿನ ನಡುವೆ ಹಾಯಬೇಕು. ಗಾಳಿಯಿಲ್ಲದಾಗ 50 ಗಜದ ಆಸುಪಾಸಿನಲ್ಲಿ ಬೀಳಬೇಕು. ಎಡಬಲದ ಕೋನ 17 ಡಿಗ್ರಿಗಿಂತ ಕಡಿಮೆ ಬೇಡ. ಎರಡೂ ತಂಡದ ನಾಯಕರು ನೋಡಿ ಒಪ್ಪಿ ಸಹಿ ಹಾಕಿದ ಮೇಲೆ ಆ ದಿನ ಸ್ಪ್ರಿಂಗು ಮುಟ್ಟೋ ಹಾಗಿಲ್ಲ. ಬಿಲ್ಲೆಯ ಪೆಟ್ಟಿಗೆ ನೆರಳಿನಲ್ಲಿರಲಿ. ಏಪ್ರಿಲ್ ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡು ಯಂತ್ರದಲ್ಲಿ ಎರಡೆರಡು ಬೀಳಲು ಶುರುವಾಗುತ್ತದೆ.

ಚರೆಲೆಕ್ಕ:

ಘಟ್ಟ ಹತ್ತುವ ಪ್ರಶ್ನೆಗೆ: ಬೇಕಂತಿಲ್ಲ, ಆದರೆ ಅಲ್ಲೂ ಅನುಮತಿ ಇರುವ ರೇಂಜ್ ಬೇಕು. ಅಮೆರಿಕದ ಹೈಸ್ಕೂಲ್ ಮಕ್ಕಳ ಕ್ಲೇ ಟಾರ್ಗೆಟ್ ಲೀಗ್ ನಡೆಯೋದೇ ಹೀಗೆ. ಪ್ರತಿ ತಂಡ ತನ್ನೂರಿನ ಮೈದಾನದಲ್ಲಿ ವಾರಕ್ಕೆ ಎರಡು ಸುತ್ತು ಹೊಡೆದು ಅಂಕವನ್ನು ಆನ್‌ಲೈನ್‌ನಲ್ಲಿ ಹಾಕುತ್ತದೆ, ತಂಡಗಳನ್ನು ಗುಂಪು ಮಾಡೋದು ಊರಿನ ಮೇಲಲ್ಲ, ತಂಡದ ಗಾತ್ರದ ಮೇಲೆ. ನಂಬಿಕೆಯ ಮೇಲೆ ನಡೆಯುವಂಥದ್ದು. ನಿಮ್ಮಲ್ಲಿ ಹಾಗೆ ಮಾಡೋದಾದರೆ ಎದುರು ತಂಡದ ಒಬ್ಬ ಬರೆಯಲು ಹೋಗಲಿ, ಪಟ್ಟಿಯ ಫೋಟೋ ಅದೇ ದಿನ ಗುಂಪಿಗೆ ಬರಲಿ.

ಎಲ್ಲರೂ ಒಂದೇ ಕಡೆ ಸೇರುವುದಾದರೆ ಹೊತ್ತಿನ ಲೆಕ್ಕ ಇದು: ಐವರ ಒಂದು ಸುತ್ತಿಗೆ 20 ನಿಮಿಷ, ಆರು ತಂಡಕ್ಕೆ 12 ಸುತ್ತು, ನಾಲ್ಕು ಗಂಟೆ. ಬೆಳಗ್ಗೆ ಇಬ್ಬನಿ ಬಿಟ್ಟ ಮೇಲೆ ಎಂಟೂವರೆಗೆ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಸರಿ. ಏಳನೇ ತಂಡ ಕೇಳಿಕೊಂಡು ಬಂದರೆ ಎರಡನೇ ಯಂತ್ರ ಬರುವವರೆಗೆ ಬೇಡ ಅನ್ನಿ.

ತಿಂಗಳು ಆರಿಸುವಾಗ ಅಡಿಕೆ ಕೊನೆ ಕೊಯ್ಲಿನ ಹೊತ್ತು ಬಿಟ್ಟುಬಿಡಿ, ಆಗ ಐವರು ಒಟ್ಟಿಗೆ ಸಿಗೋದಿಲ್ಲ. ಶಿರಸಿ ಜಾತ್ರೆ ಬರುವ ವರ್ಷವಾದರೆ ಆ ವಾರವೂ ಬೇಡ. ಜೂನ್ ಬಂದರೆ ಮಳೆ. ಉಳಿಯೋದು ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ, ಐದು ವಾರಕ್ಕೆ ಧಾರಾಳ. ಚುನಾವಣೆ ಬರುವ ವರ್ಷವಾದರೆ ಮಾತ್ರ ಮೊದಲೇ ವಿಚಾರಿಸಿ. ನೀತಿ ಸಂಹಿತೆ ಜಾರಿಯಾದ ಮೇಲೆ ಕೋವಿ ಠಾಣೆಗೆ ಒಪ್ಪಿಸಿ ಅಂತ ಆದೇಶ ಬಂದರೆ ಲೀಗ್ ಅರ್ಧಕ್ಕೆ ನಿಲ್ಲುತ್ತದೆ, ಆಗ ಅಲ್ಲಿಯವರೆಗಿನ ಅಂಕ ಊರ್ಜಿತವೋ ರದ್ದೋ ಅನ್ನೋದನ್ನೂ ಈಗಲೇ ಒಂದು ಸಾಲು ಬರೆದಿಟ್ಟುಕೊಳ್ಳಿ.